ಶ್ರೀನಿವಾಸ್ ನಂಬಿ ಕೆಟ್ಟರೆ?

2022ರ ಡಿಸೆಂಬರ್. ಹನೂರು ಬಸ್ ನಿಲ್ದಾಣದ ಹತ್ತಿರದ ಟೀ ಅಂಗಡಿಯಲ್ಲಿ ಕೂತಿದ್ದೆ. ಮಾರ್ಟಳ್ಳಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಪಕ್ಕದ ಬೆಂಚಿನಲ್ಲಿ ಪೇಪರ್ ಹರಡಿಕೊಂಡಿದ್ದ ಹಿರಿಯರೊಬ್ಬರು ಒಂದು ಸುದ್ದಿಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಪಾಲಾರ್ ನೆಲಬಾಂಬ್ ಪ್ರಕರಣದಲ್ಲಿ ಶಿಕ್ಷೆಯಾಗಿ ಇಪ್ಪತ್ತೊಂಬತ್ತು ವರ್ಷ ಜೈಲಿನಲ್ಲಿ ಕಳೆದ ಸಂದನಪಾಳ್ಯದ ಮುದುಕನೊಬ್ಬನಿಗೆ, ವಾಸಿಯಾಗದ ಕಾಯಿಲೆಯ ಕಾರಣಕ್ಕೆ, ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟು ಮನೆಗೆ ಕಳಿಸಿತ್ತು. ಓದಿ ಮುಗಿಸಿ ಪೇಪರ್ ಮಡಿಚಿದರು. "ಇವ್ನ ಯಾಕ ಬುಟ್ರು ಸಾ? ಅಲ್ಲೇ ಸಾಯ್ಲಿ ಅಂತ ಬುಡ್ಬೇಕಾಗಿತ್ತು. ಹುಟ್ಟುಗುಣ ಸುಟ್ರೂ ಹೋಗದು" ಎಂದರು. ಟೀ ಎತ್ತಿ ಹುಯ್ಯುತ್ತಿದ್ದ ಅಂಗಡಿಯವನು ಅಲ್ಲಿಂದಲೇ ಸೇರಿಸಿದ: "ಶ್ರೀನಿವಾಸ್ ಸಾಹೇಬ್ರು ನಂಬಿದ್ರಲ್ಲ, ಏನಾಯ್ತು?"

ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪು ಎಂದು ಆಮೇಲೆ ಅನ್ನಿಸಿತು. ಏಕೆಂದರೆ ಆ ಎರಡು ಮಾತು ಆ ಇಬ್ಬರದೇ ಅಲ್ಲ. ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಯ ಜಗುಲಿಯಲ್ಲಿ, ಯಳಂದೂರಿನ ಮದುವೆಮನೆಯ ಊಟದ ಸಾಲಿನಲ್ಲಿ, ಹನೂರಿನ ಸಂತೆಯಲ್ಲಿ ಅದನ್ನೇ ಕೇಳಿದ್ದೇನೆ. ಭಾನುವಾರ ಬಲಿಪೂಜೆ ಮುಗಿಸಿ, ಪರಮಪ್ರಸಾದ ಸ್ವೀಕರಿಸಿ, ಚರ್ಚಿನ ಮೆಟ್ಟಿಲಿಳಿದು ಬಂದವರ ಬಾಯಲ್ಲೂ ಕೇಳಿದ್ದೇನೆ. ಹೆಚ್ಚು ನೋವಾದದ್ದು ಅದು. ಕೆಟ್ಟವನು ಅಡಿಯಿಂದ ಮುಡಿಯವರೆಗೆ ಕೆಟ್ಟವನು, ಅವನಲ್ಲಿ ಒಳ್ಳೆಯದನ್ನು ಕಾಣುವವನು ಒಂದೋ ದಡ್ಡ, ಇಲ್ಲವೇ ಅವನ ಕಡೆಯವನು, ಅಂಥವನಿಗೆ ಕರುಣೆ ತೋರಿದರೆ ಸತ್ತವರಿಗೆ ಬಗೆದ ದ್ರೋಹ ಎಂಬುದು ಈ ಸೀಮೆಯ ಒಪ್ಪಿತ ತಿಳಿವಳಿಕೆ. ಇದು ಸುಳ್ಳು ಎಂದು ಹೇಳಲಿಕ್ಕೆ ಈ ಲೇಖನ.

ಹಾಗೆ ಮಾತಾಡುವವರ ನೋವು ನನಗೆ ಗೊತ್ತಿಲ್ಲದ್ದಲ್ಲ. ಇಲ್ಲಿ ಊರಿನ ಹೆಸರೆತ್ತಿದರೆ ಕಾಡುಗಳ್ಳ ವೀರಪ್ಪನ್ ತಂದ ಸಾವಿನ ನೆನಪು ಬರುತ್ತದೆ. ರಾಮಾಪುರ ಎಂದರೆ 1992ರ ಮೇ ತಿಂಗಳು ಪೊಲೀಸ್ ಠಾಣೆಯೊಳಗೇ ಗುಂಡಿಗೆ ಬಲಿಯಾದ ಐವರು ಪೊಲೀಸರು. ಮೀಣ್ಯಂ ಎಂದರೆ ಅದೇ ವರ್ಷ ಆಗಸ್ಟ್ 14ರಂದು ಹೊಂಚಿಗೆ ಬಲಿಯಾದ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಮತ್ತು ಅವರ ಜತೆಯವರು. ಪಾಲಾರ್ ಎಂದರೆ 1993ರ ಏಪ್ರಿಲ್ 9, ನೆಲದಡಿ ಹೂತಿಟ್ಟ ಸಿಡಿಮದ್ದು, 22 ಹೆಣ. ಕಾಮಗೆರೆ ಎಂದರೆ 2002ರ ಆಗಸ್ಟ್ 25ರ ರಾತ್ರಿ ಮನೆಯಿಂದ ಎಳೆದೊಯ್ದ ಮಾಜಿ ಸಚಿವ ಎಚ್. ನಾಗಪ್ಪ, ಡಿಸೆಂಬರಿನಲ್ಲಿ ಕಾಡಿನಲ್ಲಿ ಸಿಕ್ಕಿದ್ದು ಅವರ ಶವ. ಇದನ್ನೆಲ್ಲ ಕಂಡ ಜನ ಕರುಣೆ ಎಂಬ ಮಾತಿಗೆ ಮುಖ ತಿರುಗಿಸಿದರೆ ಅವರನ್ನು ಗದರಿಸುವ ಹಕ್ಕು ನನಗಿಲ್ಲ. ಆದರೆ ನೋವಿನಿಂದ ಹುಟ್ಟಿದ್ದೆಲ್ಲ ನಿಜವಾಗುವುದಿಲ್ಲ. ಅದರಲ್ಲೂ ಶ್ರೀನಿವಾಸ್ ಅವರ ಹೆಸರನ್ನು ಆ ಸುಳ್ಳಿಗೆ ಸಾಕ್ಷಿಯಾಗಿ ಎಳೆತಂದಾಗ ಸುಮ್ಮನಿರಲಾಗದು.

ಪಿ. ಶ್ರೀನಿವಾಸ್ ಆಂಧ್ರದ ರಾಜಮಂಡ್ರಿಯವರು, ಭಾರತೀಯ ಅರಣ್ಯ ಸೇವೆಯ ಅಧಿಕಾರಿ. ಕ್ರೈಸ್ತರಲ್ಲ. ಅವರನ್ನು ನಮ್ಮ ಮತದ ಲೆಕ್ಕಕ್ಕೆ ಬರೆದುಕೊಳ್ಳುವ ಆಸೆಯೂ ನನಗಿಲ್ಲ. ವೀರಪ್ಪನ್ ಹುಟ್ಟಿದ ಗೋಪಿನಾಥಕ್ಕೆ ಎಲ್ಲರೂ ಬಂದೂಕು ಹಿಡಿದು ಹೋಗುತ್ತಿದ್ದ ಕಾಲದಲ್ಲಿ ಅವರು ಅಲ್ಲೇ ಹೋಗಿ ನೆಲೆಸಿದರು. ಊರಿಗೆ ಔಷಧಿ ಸಿಗುವಂತೆ ಮಾಡಿದರು, ಕುಡಿಯುವ ನೀರು ತಂದರು, ಮನೆಗಳನ್ನು ಕಟ್ಟಿಸಿದರು, ಊರವರ ಮಾರಿಯಮ್ಮನಿಗೆ ಗುಡಿ ಎಬ್ಬಿಸಿದರು. ಗಂಧದ ಮರ ಕಡಿದವರನ್ನು, ಆನೆ ಹೊಡೆದವರಿಗೆ ಸಾಮಾನು ಹೊತ್ತವರನ್ನು ಕೂರಿಸಿಕೊಂಡು ಮಾತಾಡಿದರು. ಅವರಲ್ಲಿ ಹಲವರು ಕಾಡು ಬಿಟ್ಟು ಬಂದು ಶರಣಾದರು. ಕೊನೆಗೆ, ನೀವು ಆಯುಧವಿಲ್ಲದೆ ಬಂದರೆ ತಾನೂ ಶರಣಾಗುತ್ತೇನೆ ಎಂಬ ವೀರಪ್ಪನ್‌ನ ಮಾತು ಅವನ ತಮ್ಮ ಅರ್ಜುನನ ಮೂಲಕ ಬಂತು. 1991ರ ನವೆಂಬರ್ 10ರಂದು ಶ್ರೀನಿವಾಸ್ ಬರಿಗೈಯಲ್ಲಿ ಕಾಡಿನೊಳಗೆ ನಡೆದರು. ವೀರಪ್ಪನ್ ಮತ್ತು ಅವನ ಕಡೆಯವರು ಅವರನ್ನು ಗುಂಡಿಟ್ಟು ಕೊಂದು ತಲೆ ಕಡಿದರು. ಆಗ ಅವರಿಗೆ 37 ವರ್ಷ. ಮರುವರ್ಷ ಸರ್ಕಾರ ಅವರಿಗೆ ಮರಣೋತ್ತರವಾಗಿ ಕೀರ್ತಿ ಚಕ್ರ ಕೊಟ್ಟಿತು.

ನಂಬಿದ್ದಕ್ಕೇ ಸತ್ತರು ಎನ್ನುವವರನ್ನು ಒಂದು ಮಾತು ಕೇಳುತ್ತೇನೆ. ಅವರು ನಂಬಿದ್ದು ಒಬ್ಬನನ್ನೇ? ಊರಿಗೆ ಊರನ್ನೇ ನಂಬಿದರು. ಕಾಡು ಬಿಟ್ಟು ಬಂದವರನ್ನು ನಂಬಿದರು. ಕಳ್ಳರ ಊರು ಎಂದು ಪೊಲೀಸ್ ದಾಖಲೆಯಲ್ಲಿ ಹೆಸರು ಬಿದ್ದಿದ್ದ ಹಳ್ಳಿಯ ನಡುವೆ ಹಗಲಿರುಳು ಕಳೆದರು. ಆ ಊರು ಅವರನ್ನು ಕೈಬಿಡಲಿಲ್ಲ. ಗೋಪಿನಾಥದ ಮಾರಿಯಮ್ಮನ ಗುಡಿಗೆ ಇವತ್ತು ಹೋದರೂ ಶ್ರೀನಿವಾಸ್ ಅವರ ಫೋಟೋ ಇದೆ. ನಾನು ಹೋದ ದಿನ ಅದರ ಗಾಜಿಗೆ ಹಚ್ಚಿದ ಕುಂಕುಮ ಇನ್ನೂ ಹಸಿಯಾಗಿತ್ತು, ಚೌಕಟ್ಟಿನ ಮೂಲೆಯಲ್ಲಿ ಸಿಕ್ಕಿಸಿದ್ದ ಕನಕಾಂಬರ ಬಾಡಿರಲಿಲ್ಲ. ಯಾರೋ ಬೆಳಿಗ್ಗೆಯೇ ಬಂದು ಹೋಗಿದ್ದರು. ವೀರಪ್ಪನ್ ಹುಟ್ಟಿದ ಊರಿನಲ್ಲಿ ಅವನು ಕೊಂದ ಅಧಿಕಾರಿಗೆ ಪೂಜೆ ನಡೆಯುತ್ತದೆ. ನಂಬಿಕೆ ಗೆದ್ದದ್ದೋ ಸೋತದ್ದೋ ಎಂದು ಅಳೆಯಬೇಕಾದದ್ದು ಈ ಗುಡಿಯಲ್ಲಿ. ದ್ರೋಹ ಮಾಡಿದವನು ವೀರಪ್ಪನ್. ಅವನ ಪಾಪವನ್ನು ನಂಬಿದವರ ತಲೆಗೆ ಕಟ್ಟುವುದು ಯಾವ ನ್ಯಾಯ?

ಶ್ರೀನಿವಾಸ್ ಏನೂ ಅರಿಯದ ಮುಗ್ಧರೂ ಅಲ್ಲ. 1986ರಲ್ಲಿ ಸಿಕ್ಕಿಬಿದ್ದಿದ್ದ ವೀರಪ್ಪನ್ ಬೂದಿಪಡಗದ ಅರಣ್ಯ ವಿಶ್ರಾಂತಿ ಗೃಹದಿಂದ ತಪ್ಪಿಸಿಕೊಂಡ ಕತೆ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಅವನ ಕೈಯ ನೆತ್ತರೂ ಗೊತ್ತಿತ್ತು. ಗೊತ್ತಿದ್ದೇ ಹೋದರು. ಕಣ್ಣು ಮುಚ್ಚಿ ನಂಬುವುದು ಬೇರೆ, ಕಣ್ಣು ತೆರೆದು ನಂಬುವುದು ಬೇರೆ. ಎರಡನೆಯದನ್ನು ದಡ್ಡತನ ಎಂದು ಕರೆದು ನಾವು ಅವರನ್ನು ಸತ್ತ ಮೇಲೂ ಸಣ್ಣವರನ್ನಾಗಿ ಮಾಡಿದ್ದೇವೆ.

ಇನ್ನು ನಂಬದೆ ನಡೆದ ದಾರಿಯನ್ನು ನೋಡೋಣ. ಅದನ್ನೂ ಇದೇ ಸೀಮೆ ಕಂಡಿದೆ. ಶ್ರೀನಿವಾಸ್ ಹೋದ ಮೇಲೆ ಕಾಡಂಚಿನ ಹಳ್ಳಿಯವರೆಲ್ಲ ವೀರಪ್ಪನ್ ಕಡೆಯವರು ಎಂದೇ ಲೆಕ್ಕಕ್ಕೆ ಬಂದರು. ಅಕ್ಕಿ ಮಾರಿದವನು, ದಾರಿ ತೋರಿಸಿದವನು, ಬಂದೂಕಿಗೆ ಹೆದರಿ ಗಂಜಿ ಹಾಕಿದವಳು, ಎಲ್ಲರೂ ಒಂದೇ. ಮಾದಪ್ಪನ ಬೆಟ್ಟದಲ್ಲಿ ಪೊಲೀಸರ ವಿಚಾರಣೆಯ ಜಾಗವೊಂದಿತ್ತು. ಜನ ಅದನ್ನು 'ವರ್ಕ್‌ಶಾಪ್' ಎನ್ನುತ್ತಿದ್ದರು. ಅಲ್ಲಿಂದ ಬಂದವರು ಏನೇನು ಅನುಭವಿಸಿದೆವು ಎಂದು ಹೇಳಿದ್ದನ್ನು ಕೇಳಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದ ಸಮಿತಿಯನ್ನು ನೇಮಿಸಬೇಕಾಯಿತು. 2007ರಲ್ಲಿ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಎಂದಿತು. ಟಾಡಾ ಕಾಯ್ದೆಯಡಿ ನೂರಕ್ಕೂ ಹೆಚ್ಚು ಜನ ಮೈಸೂರಿನ ಜೈಲು ಸೇರಿದ್ದರು. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಾಗ ಅವರಲ್ಲಿ ಬಹುಪಾಲು ಜನ ನಿರ್ದೋಷಿಗಳಾಗಿ ಹೊರಬಂದರು. ಅಷ್ಟರಲ್ಲಿ ಎಷ್ಟೋ ಮಂದಿಯ ಎಂಟು ವರ್ಷ ಸರಳುಗಳ ಹಿಂದೆ ಕಳೆದುಹೋಗಿತ್ತು. ಹೊಲ ಬೀಳಾಗಿತ್ತು, ಮಕ್ಕಳು ಅಪ್ಪನ ಮುಖ ಮರೆತಿದ್ದರು.

ಶ್ರೀನಿವಾಸ್ ಅವರ ನಂಬಿಕೆ ಹುಸಿಹೋದದ್ದಕ್ಕೆ ಬೆಲೆ ತೆತ್ತವರು ಅವರೊಬ್ಬರೇ. ನಮ್ಮ ಅಪನಂಬಿಕೆ ಹುಸಿಹೋದದ್ದಕ್ಕೆ ಬೆಲೆ ತೆತ್ತವರು ನೂರಾರು ಬಡವರು. ಆದರೂ ಟೀ ಅಂಗಡಿಯಲ್ಲಿ ಕೂತು 'ನಂಬಿ ಕೆಟ್ಟರು' ಎನ್ನುತ್ತೇವೆಯೇ ಹೊರತು, ನಂಬದೆ ಎಷ್ಟು ಮನೆ ಕೆಡಿಸಿದೆವು ಎಂದು ಒಂದು ದಿನವೂ ಕೇಳಿಕೊಳ್ಳುವುದಿಲ್ಲ.

ಹುಟ್ಟುಗುಣದ ಗಾದೆಯ ಬಗ್ಗೆಯೂ ನಾಲ್ಕು ಮಾತು ಹೇಳಬೇಕು. ಗಾದೆ ಎಂದ ಕೂಡಲೇ ಹಿರಿಯರ ಅನುಭವ ಎಂದು ತಲೆಬಾಗುತ್ತೇವೆ. ಆದರೆ ಈ ಗಾದೆ ಯಾರ ಮೇಲೆ ಬೀಳುತ್ತದೆ, ಯಾರನ್ನು ಬಿಟ್ಟು ಹೋಗುತ್ತದೆ ನೋಡಿ. ಲಕ್ಷಾಂತರ ರೂಪಾಯಿ ನುಂಗಿದ ಗುತ್ತಿಗೆದಾರನಿಗೆ ಯಾರೂ ಇದನ್ನು ಹೇಳುವುದಿಲ್ಲ, ಅವನಿಗೆ ಹಾರ ಹಾಕುತ್ತಾರೆ. ಸೋಲಿಗರ ಹುಡುಗ ಜೇನು ಕಿತ್ತರೆ, ಮಾರ್ಟಳ್ಳಿಯ ತಮಿಳು ಮಾತಾಡುವ ಕೂಲಿಯವನು ಜಗಳವಾಡಿದರೆ, ಹೊಲದ ಮೂಲೆಯಲ್ಲಿ ನಾಲ್ಕು ಗಾಂಜಾ ಗಿಡ ಬೆಳೆದವನು ಸಿಕ್ಕಿಬಿದ್ದರೆ ಮಾತ್ರ ಅದು ಹುಟ್ಟುಗುಣ. ಬ್ರಿಟಿಷರು ಇದೇ ಗಾದೆಯನ್ನು ಕಾನೂನು ಮಾಡಿದ್ದರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಜಾತಿಗಳವರನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟಿತು. 1911ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. 1956ರವರೆಗೆ ಕೊಳ್ಳೇಗಾಲ ಆ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು ಎಂಬುದು ನಮ್ಮಲ್ಲಿ ಎಷ್ಟೋ ಮಂದಿಗೆ ಮರೆತೇ ಹೋಗಿದೆ. ಸ್ವತಂತ್ರ ಭಾರತ 1952ರಲ್ಲಿ ಆ ಕಾಯ್ದೆಯನ್ನು ರದ್ದು ಮಾಡಿತು. ನಾಲಿಗೆಯಿಂದ ರದ್ದಾಗಲಿಲ್ಲ.

ಈಗ ಕ್ರೈಸ್ತರಾದ ನಮ್ಮವರ ಕಡೆ ತಿರುಗುತ್ತೇನೆ. "ಅವನು ಮೊದಲು ಪಶ್ಚಾತ್ತಾಪ ಪಡಲಿ, ಆಮೇಲೆ ನೋಡೋಣ" ಎನ್ನುವವರು ನಮ್ಮಲ್ಲೇ ಹೆಚ್ಚು. ಕೇಳಲು ಧಾರ್ಮಿಕವಾಗಿದೆ. ಶುಭಸಂದೇಶದಲ್ಲಿ ಮಾತ್ರ ಹಾಗಿಲ್ಲ. ಜೆರಿಕೊ ಪಟ್ಟಣದ ಜಕ್ಕಾಯ ಸುಂಕದವರ ಮುಖ್ಯಸ್ಥ. ರೋಮನ್ನರ ಪರವಾಗಿ ತನ್ನ ಜನರಿಂದಲೇ ಹಣ ಹಿಂಡಿ ಶ್ರೀಮಂತನಾದವನು. ಊರಿಗೆಲ್ಲ ಅವನೆಂದರೆ ಅಸಹ್ಯ. ಕುಳ್ಳನಾದ್ದರಿಂದ ಮರ ಹತ್ತಿ ಕೂತಿದ್ದ. ಯೇಸು ಮರದ ಕೆಳಗೆ ನಿಂತು ಅವನ ಹೆಸರು ಹಿಡಿದು ಕರೆದರು, ನಿನ್ನ ಮನೆಗೇ ಬರುತ್ತೇನೆ ಎಂದರು. ಅದಕ್ಕೆ ಮೊದಲು ಜಕ್ಕಾಯ ಒಂದು ಕಾಸನ್ನೂ ಹಿಂದಿರುಗಿಸಿರಲಿಲ್ಲ, ಒಂದು ಹನಿ ಕಣ್ಣೀರನ್ನೂ ಹಾಕಿರಲಿಲ್ಲ. ಕರೆ ಮೊದಲು ಬಂತು. ಅರ್ಧ ಆಸ್ತಿ ಬಡವರಿಗೆ, ಮೋಸ ಹೋದವರಿಗೆ ನಾಲ್ಕರಷ್ಟು ವಾಪಸ್ಸು ಎಂಬ ಮಾತು ಆಮೇಲೆ ಬಂತು. ಸುತ್ತ ನಿಂತ ಜನ ಗೊಣಗಿದರು: ಪಾಪಿಯ ಮನೆಗೆ ಹೋಗುತ್ತಾನಲ್ಲ! ಆ ಗೊಣಗಾಟವೇ ಇವತ್ತು ನಮ್ಮ ಚರ್ಚಿನ ಅಂಗಳದಲ್ಲಿ ಧರ್ಮದ ಮಾತಾಗಿ ಕುಳಿತಿದೆ.

ಜಕ್ಕಾಯನ ಕತೆಯಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಕೊನೆಗೆ ಯಾರ ಕೈಗೆ ಏನು ಸೇರಿತು ಎಂಬುದು. ಮೋಸ ಹೋದ ಬಡವನಿಗೆ ಅವನ ದುಡ್ಡು ಬಂತು. ಊರಿನವರ ಅಸಹ್ಯದಿಂದ ಅದು ಒಂದು ದಿನವೂ ಬಂದಿರಲಿಲ್ಲ. ಪಾಪಿಯಲ್ಲಿ ಒಳ್ಳೆಯದನ್ನು ಕಾಣುವುದು ನೊಂದವರನ್ನು ಮರೆಯುವುದು ಎನ್ನುವವರು ಈ ಲೆಕ್ಕವನ್ನು ತಪ್ಪಾಗಿ ಓದಿದ್ದಾರೆ.

ಚಿಕ್ಕಲ್ಲೂರಿನ ಜಾತ್ರೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿದ್ದಪ್ಪಾಜಿಯ ಸನ್ನಿಧಿಯ ಪಂಕ್ತಿ ಸೇವೆಯಲ್ಲಿ ಜಾತಿ ಕೇಳದೆ ಪಕ್ಕಪಕ್ಕ ಕೂತು ಉಣ್ಣುತ್ತಾರೆ. ಎಲೆ ಹಾಸುವಾಗ ಯಾರೂ ನಿನ್ನ ನಡತೆ ಹೇಗೆ ಎಂದು ಕೇಳುವುದಿಲ್ಲ. ಸಿದ್ದಪ್ಪಾಜಿಯ ಗುರು ಮಂಟೇಸ್ವಾಮಿಯ ಒಕ್ಕಲಿನವರಿಗೆ ಉಣ್ಣುವ ಸಾಲಿನಲ್ಲಿ ಗೊತ್ತಿರುವುದು ನಮಗೆ ಬಲಿಪೀಠದ ಮುಂದೆ ನಿಂತರೂ ಗೊತ್ತಾಗದೆ ಹೋದರೆ ಹೇಗೆ?

ಹಾಗಾದರೆ ಶಿಕ್ಷೆಯೇ ಬೇಡವೇ? ಈ ಪ್ರಶ್ನೆ ಪ್ರತಿ ಸಲ ಬರುತ್ತದೆ. ಉತ್ತರ ಗೊಲ್ಗೊಥಾ ಗುಡ್ಡದ ಮೇಲಿದೆ. ಯೇಸುವಿನ ಪಕ್ಕದ ಶಿಲುಬೆಯಲ್ಲಿ ತೂಗಿದ್ದ ಕಳ್ಳ ತನಗಾದ ಶಿಕ್ಷೆ ತಕ್ಕದ್ದೇ ಎಂದು ಒಪ್ಪಿಕೊಂಡ. ಅವನಿಗೆ ಸ್ವರ್ಗದ ಮಾತು ಸಿಕ್ಕಿತು, ಶಿಲುಬೆಯಿಂದ ಇಳಿಸಲಿಲ್ಲ. ಅಪರಾಧವನ್ನು ಅಪರಾಧ ಎಂದು ಕರೆಯದ ಕಡೆ ಕರುಣೆಗೆ ಕೆಲಸವೇ ಇಲ್ಲ. ವೀರಪ್ಪನ್‌ನನ್ನು ಬಡವರ ಬಂಧು, ಕಾಡಿನ ರಾಜ ಎಂದು ಹಾಡಿ ಹೊಗಳುವವರನ್ನು ನಾನು ಕರುಣೆಯ ಕಡೆಯವರೆಂದು ಒಪ್ಪುವುದಿಲ್ಲ. ಅವರು ಸತ್ತವರ ಹೆಸರನ್ನು ಅಳಿಸಿದ ಮೇಲೇ ಅವನ ಚಿತ್ರ ಬರೆಯುತ್ತಾರೆ. ಒಳ್ಳೆಯದನ್ನು ಮಾತ್ರ ನೋಡುವುದೂ ಕೆಟ್ಟದ್ದನ್ನು ಮಾತ್ರ ನೋಡುವುದೂ ಒಂದೇ ಬಗೆಯ ಕುರುಡು.

ಅಂಜಿಕೆಯನ್ನು ಕರುಣೆ ಎಂದುಕೊಳ್ಳುವುದೂ ಅಂಥದ್ದೇ ತಪ್ಪು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಹೊತ್ತೊಯ್ದ. ಅವನ ಬೇಡಿಕೆಗೆ ಮಣಿದು ಸರ್ಕಾರ ಟಾಡಾ ಬಂದಿಗಳ ಮೇಲಿನ ಮೊಕದ್ದಮೆ ಕೈಬಿಡಲು ಹೊರಟಿತು. ಆಗ ಎದ್ದು ನಿಂತವರು ಅಬ್ದುಲ್ ಕರೀಂ, ಮೀಣ್ಯಂನಲ್ಲಿ ಸತ್ತ ಶಕೀಲ್ ಅಹ್ಮದ್ ಅವರ ತಂದೆ. ಸುಪ್ರೀಂ ಕೋರ್ಟಿಗೆ ಹೋದರು, ಗೆದ್ದರು. ಇಡೀ ನಾಡು ತನ್ನ ಪ್ರೀತಿಯ ನಟನಿಗಾಗಿ ದೇವರಿಗೆ ಹರಕೆ ಹೊರುತ್ತಿದ್ದ ಹೊತ್ತಿನಲ್ಲಿ ಮಗನನ್ನು ಕಳೆದುಕೊಂಡ ಆ ಮುದಿ ತಂದೆ ಒಬ್ಬರೇ ನಿಂತದ್ದನ್ನು ನೆನೆದರೆ ಇಂದಿಗೂ ಮೈ ಜುಂ ಎನ್ನುತ್ತದೆ. ಅವರು ಮಾಡಿದ್ದು ಸರಿ. ಬಂದೂಕಿಗೆ ಹೆದರಿ ಬಾಗಿಲು ತೆಗೆದರೆ ಅದರಲ್ಲಿ ಒಳಗಿದ್ದವನ ಮೇಲಿನ ಕರುಣೆ ಎಳ್ಳಷ್ಟೂ ಇಲ್ಲ. ಅದೇ ಬಂದಿಗಳಲ್ಲಿ ಬಹುಪಾಲು ಜನ ಮರುವರ್ಷ ನ್ಯಾಯಾಲಯದಿಂದಲೇ ನಿರ್ದೋಷಿಗಳಾಗಿ ಬಂದರಲ್ಲ. ಅಷ್ಟು ವರ್ಷ ಅವರ ಮುಖವನ್ನು ಒಬ್ಬೊಬ್ಬರನ್ನಾಗಿ ಯಾರೂ ನೋಡಿರಲಿಲ್ಲ. ಪೊಲೀಸರಿಗೆ ಅವರು ವೀರಪ್ಪನ್ ಕಡೆಯವರು, ಸರ್ಕಾರಕ್ಕೆ ಚೌಕಾಸಿಯ ಸರಕು.

ಇಲ್ಲಿ ಒಂದು ಗೆರೆ ಎಳೆದು ಹೇಳಬೇಕು. ಕಾಣುವುದು ಬೇರೆ, ಕ್ಷಮಿಸುವುದು ಬೇರೆ. ರಾಮಾಪುರದಲ್ಲಿ ಗಂಡನನ್ನು ಕಳೆದುಕೊಂಡವಳ ಪರವಾಗಿ ಕೊಂದವನನ್ನು ಕ್ಷಮಿಸಲು ನನಗೆ ಅಧಿಕಾರವಿಲ್ಲ, ಯಾವ ಪಾದ್ರಿಗೂ ಇಲ್ಲ. ಕ್ಷಮೆ ಅವಳ ಸೊತ್ತು. ಕೊಟ್ಟಾಳು, ಕೊಡದೆ ಇದ್ದಾಳು, ಕೊಡದಿದ್ದರೆ ಅವಳನ್ನು ಕೆಟ್ಟವಳೆನ್ನುವ ಬಾಯಿಗೆ ಬೀಗ ಹಾಕಬೇಕು. ಆದರೆ ಎದುರಿಗಿರುವವನು ಮನುಷ್ಯ, ಅವನೂ ಒಬ್ಬ ತಾಯಿಯ ಕೈತುತ್ತು ತಿಂದು ಬೆಳೆದವನು, ಅವನೊಳಗೆ ಮಾಡಿದ ಪಾಪಕ್ಕಿಂತ ಹೆಚ್ಚಿನದೇನೋ ಉಳಿದಿದೆ ಎಂದು ಕಾಣುವುದು ಮಾತ್ರ ನೊಂದವರ ಹೊಣೆಯಲ್ಲ. ಅದು ನಮ್ಮಂಥ, ನೋವಾಗದೆ ಉಳಿದವರ ಹೊಣೆ. ನಾವು ಇದನ್ನು ತಿರುಗುಮುರುಗು ಮಾಡಿದ್ದೇವೆ. ನೊಂದವರಿಗೆ ಕ್ಷಮಿಸು ಎಂದು ಉಪದೇಶ ಮಾಡುತ್ತೇವೆ, ನಾವು ಮಾತ್ರ ಟೀ ಅಂಗಡಿಯಲ್ಲಿ ಕೂತು ಅಲ್ಲೇ ಸಾಯಲಿ ಎನ್ನುತ್ತೇವೆ.

ನೊಂದವರೇ ಕ್ಷಮೆಗೆ ಮುಂದಾದಾಗ ಏನಾಗುತ್ತದೆ ಎಂಬುದನ್ನೂ ಈ ದೇಶ ಕಂಡಿದೆ. ಮಧ್ಯಪ್ರದೇಶದಲ್ಲಿ ಬಡ ಕೂಲಿಗಳ ನಡುವೆ ಕೆಲಸ ಮಾಡುತ್ತಿದ್ದ ಸಿಸ್ಟರ್ ರಾಣಿ ಮರಿಯ ಅವರನ್ನು 1995ರ ಫೆಬ್ರುವರಿ 25ರಂದು ಬಸ್ಸಿನಿಂದಿಳಿಸಿ ಇರಿದು ಕೊಂದರು. ಏಳು ವರ್ಷದ ಮೇಲೆ ಅವರ ತಂಗಿ, ತಾನೂ ಸಿಸ್ಟರ್, ಇಂದೋರಿನ ಜೈಲಿಗೆ ಹೋಗಿ ಕೊಲೆಗಾರನ ಮಣಿಕಟ್ಟಿಗೆ ರಾಖಿ ಕಟ್ಟಿದರು. ಅವನು ಅಳುತ್ತ ಆ ಮನೆಯ ಮಗನಂತಾದ. ಅಂಥ ಎದೆ ಎಲ್ಲರಿಗೂ ಬರುವುದಿಲ್ಲ, ಬರಲೇಬೇಕೆಂದು ಕೇಳುವ ಹಾಗೂ ಇಲ್ಲ. ಆದರೆ 'ಹುಟ್ಟುಗುಣ' ಎಂಬ ಮಾತಿಗೆ ಆ ರಾಖಿಯ ದಾರ ಸಾಕಷ್ಟು ಗಟ್ಟಿಯಾದ ಉತ್ತರ.

"ಸುಳ್ವಾಡಿಗೆ ಏನು ಹೇಳ್ತೀರಿ?" ಎಂದು ನನ್ನನ್ನು ಕೇಳಿದವರಿದ್ದಾರೆ. ಮಾರ್ಟಳ್ಳಿಗೆ ಕೂಗಳತೆಯಲ್ಲಿರುವ ಊರು. 2018ರ ಡಿಸೆಂಬರ್ 14ರಂದು ಕಿಚ್‌ಗುತ್ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ದೇವರ ಹೆಸರಿನಲ್ಲಿ ಕೊಟ್ಟ ಅನ್ನಕ್ಕೆ ವಿಷ! ಇದಕ್ಕಿಂತ ಹೊಲಸು ಕೆಲಸ ನನ್ನ ಆಯುಷ್ಯದಲ್ಲಿ ನಾನು ಕಂಡಿಲ್ಲ. ಯಾರು ಮಾಡಿದರೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಾನು ಹೇಳುವುದಿಷ್ಟೇ. ಆ ಹೊಲಸನ್ನು ಎಸಗಿದ ಕೈ ರಾಕ್ಷಸನದು ಎಂದುಬಿಟ್ಟರೆ ನಮಗೆ ಬಹಳ ಹಗುರ. ರಾಕ್ಷಸ ಊರ ಹೊರಗಿನವನು, ನಮಗೂ ಅವನಿಗೂ ಸಂಬಂಧವಿಲ್ಲ. ಮನುಷ್ಯನದು ಎಂದರೆ ಭಾರ. ಗುಡಿಯ ಅಧಿಕಾರ, ಹಣ, ಮೇಲು-ಕೀಳಿನ ಹಟ ಒಬ್ಬ ಮನುಷ್ಯನನ್ನು ಅಲ್ಲಿಯವರೆಗೂ ಒಯ್ಯಬಲ್ಲದು ಎಂದರೆ ಅದೇ ಹಟ ನಮ್ಮ ಗುಡಿಯಲ್ಲಿ, ನಮ್ಮ ಚರ್ಚಿನ ಸಮಿತಿಯಲ್ಲಿ ಎಷ್ಟಿದೆ ಎಂದು ನೋಡಿಕೊಳ್ಳಬೇಕಾಗುತ್ತದೆ. ಕರುಣೆಯ ಕಣ್ಣು ಮೆದು ಎಂದು ಯಾರು ಹೇಳಿದರು? ಅದು ನೋಡುವವನನ್ನೂ ಬಿಡುವುದಿಲ್ಲ.

ಮತ್ತೆ ಪಾಲಾರ್ ಪ್ರಕರಣಕ್ಕೆ ಬರುತ್ತೇನೆ. ಜೀವಾವಧಿ ಶಿಕ್ಷೆಯ ವಿರುದ್ಧ ಮೇಲ್ಮನವಿ ಹೋದ ನಾಲ್ವರಿಗೆ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಲ್ಲು ವಿಧಿಸಿತು. ರಾಷ್ಟ್ರಪತಿಗೆ ಕ್ಷಮಾದಾನದ ಅರ್ಜಿ ಹೋಯಿತು. ಒಂಬತ್ತು ವರ್ಷ ಉತ್ತರವಿಲ್ಲ. 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವರು ಒಂಬತ್ತು ವರ್ಷ ದಿನಾ ಬೆಳಿಗ್ಗೆ ಇವತ್ತೇ ಇರಬಹುದು ಎಂದುಕೊಂಡು ಎದ್ದವರು. 2014ರ ಜನವರಿ 21ರಂದು ಸುಪ್ರೀಂ ಕೋರ್ಟ್ ದೇಶದ ಹದಿನೈದು ಮಂದಿ ಗಲ್ಲು ಕೈದಿಗಳ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಅವರಲ್ಲಿ ಈ ನಾಲ್ವರೂ ಇದ್ದರು. ಅವರು ನಿರ್ದೋಷಿಗಳೆಂದು ನ್ಯಾಯಾಲಯ ಹೇಳಲಿಲ್ಲ. ಇಷ್ಟು ಕಾಲ ಸಾವಿನ ಹೊಸಿಲಲ್ಲಿ ನಿಲ್ಲಿಸುವುದು ಮನುಷ್ಯನಿಗೆ ಮಾಡುವ ಕೆಲಸವಲ್ಲ ಎಂದಿತು. ಅಂದು ನಮ್ಮಲ್ಲಿ ಎಷ್ಟೋ ಮಂದಿ ಸಿಟ್ಟಾದರು. 2018ರಲ್ಲಿ ಪೋಪ್ ಫ್ರಾನ್ಸಿಸ್ ಕಥೋಲಿಕ ಧರ್ಮೋಪದೇಶದ ಗ್ರಂಥವನ್ನೇ ತಿದ್ದಿಸಿ ಮರಣದಂಡನೆ ಒಪ್ಪತಕ್ಕದ್ದಲ್ಲ ಎಂದು ಬರೆಸಿದಾಗಲೂ ನಮ್ಮ ಕಥೋಲಿಕರೇ ಹುಬ್ಬುಗಂಟಿಕ್ಕಿದರು. ಆ ನಾಲ್ವರಲ್ಲಿ ಒಬ್ಬರ ಹೆಸರು ಸೈಮನ್. ಕೋರ್ಟಿನ ಪುಸ್ತಕದಲ್ಲಿ ಆ ಪ್ರಕರಣವೇ ಆ ಹೆಸರಿನಲ್ಲಿದೆ. ಸಿಮೋನ ಎಂಬುದು ಸಂತ ಪೇತ್ರರ ಹುಟ್ಟು ಹೆಸರು. ಕೋಳಿ ಕೂಗುವುದರೊಳಗೆ ಮೂರು ಸಲ ಗುರುವನ್ನು ಗೊತ್ತೇ ಇಲ್ಲವೆಂದವರು ಅವರು. ಅವರ ಕೈಗೇ ಸಭೆಯ ಬೀಗದ ಕೈ ಸಿಕ್ಕಿದ್ದು. ಹುಟ್ಟುಗುಣದ ಗಾದೆ ನಿಜವಾಗಿದ್ದರೆ ನಮಗೆ ಚರ್ಚೇ ಇರುತ್ತಿರಲಿಲ್ಲ.

ಯಳಂದೂರಿನಲ್ಲಿ ಗದ್ದುಗೆಯಾಗಿರುವ ಷಡಕ್ಷರದೇವ ಹದಿನೇಳನೆಯ ಶತಮಾನದಲ್ಲಿ ಬರೆದ 'ರಾಜಶೇಖರ ವಿಳಾಸ'ವನ್ನು ನನ್ನ ಕಾಲದ ಕನ್ನಡ ಮೇಷ್ಟರುಗಳು ಪ್ರೀತಿಯಿಂದ ಪಾಠ ಮಾಡುತ್ತಿದ್ದರು. ರಾಜಕುಮಾರನ ಸವಾರಿಯ ವೇಳೆ ಕುದುರೆಯ ಕಾಲಿಗೆ ಸಿಕ್ಕಿ ಬಡ ತಾಯಿ ತಿರುಕೊಳವಿನಾಚಿಯ ಕಂದ ಸಾಯುತ್ತಾನೆ. ರಾಜ ತನ್ನ ಮಗನಿಗೇ ಮರಣದಂಡನೆ ವಿಧಿಸುತ್ತಾನೆ. ಆ ತಾಯಿಯ ಗೋಳನ್ನು ಕವಿ ಎಷ್ಟು ಹೊತ್ತು ಹಾಡುತ್ತಾನೆಂದರೆ ಓದುವವರ ಗಂಟಲು ಕಟ್ಟುತ್ತದೆ. ಆದರೂ ಆ ಕವಿ ರಾಜಕುಮಾರನನ್ನು ರಾಕ್ಷಸನನ್ನಾಗಿ ಮಾಡುವುದಿಲ್ಲ. ತಾಯಿಯ ಅಳುವಿಗೂ ಜಾಗವಿದೆ, ದಂಡನೆಗೂ ಜಾಗವಿದೆ, ಅಪರಾಧಿಯ ಮುಖಕ್ಕೂ ಜಾಗವಿದೆ. ಕೊನೆಗೆ ಶಿವನ ಕೃಪೆಯಿಂದ ಸತ್ತವರು ಏಳುತ್ತಾರೆ. ನಮ್ಮ ಲೋಕದಲ್ಲಿ ಸತ್ತವರು ಏಳುವುದಿಲ್ಲ. ಆದರೆ ಮೂವರನ್ನೂ ಒಟ್ಟಿಗೆ ಕಾಣುವಷ್ಟು ಅಗಲವಾದ ಕಣ್ಣು ಈ ಮಣ್ಣಿನಲ್ಲೇ ಇತ್ತು. ಅದನ್ನು ಎರವಲು ತರಬೇಕಾಗಿಲ್ಲ.

ಆವತ್ತಿನ ಮಾತನ್ನು ನಾನು ಅರ್ಧಕ್ಕೇ ಬಿಟ್ಟೆ. ಬಸ್ ಬಂತು. ಪೇಪರ್ ಓದಿದ ಹಿರಿಯರೂ ಅದೇ ಬಸ್ ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕೂತರು. ಹನೂರು ದಾಟಿದ ಮೇಲೆ ಹಿಂದೆ ಗಲಾಟೆ ಎದ್ದಿತು. ಕಂಠಪೂರ್ತಿ ಕುಡಿದ ಒಬ್ಬಾತ, ಮೈಯೆಲ್ಲ ಕಲ್ಲಿನ ದೂಳು, ಟಿಕೆಟ್‌ಗೆ ದುಡ್ಡಿಲ್ಲದೆ ಜೇಬು ತಡಕಾಡುತ್ತಿದ್ದ. ಕಂಡಕ್ಟರ್ ರೇಗಿ ಸೀಟಿ ಊದಿದ. ಇಳಿಸಿಬಿಡಿ ಎಂದು ಎರಡು ಮೂರು ದನಿ ಎದ್ದವು. ಬಸ್ಸು ನಿಂತಲ್ಲಿ ಊರಿರಲಿಲ್ಲ, ಎರಡೂ ಕಡೆ ಬರೀ ಕುರುಚಲು ಕಾಡು, ಹೊತ್ತು ಮುಳುಗುತ್ತಿತ್ತು. ಹಿರಿಯರು ಎದ್ದರು. ಪೇಪರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕಂಬಿ ಹಿಡಿದು ಹಿಂದಕ್ಕೆ ನಡೆದು, ಅಂಗಿಯ ಒಳಜೇಬಿನಿಂದ ಮಡಿಚಿದ ನೋಟು ತೆಗೆದು ಕಂಡಕ್ಟರ್ ಕೈಗಿಟ್ಟರು. ಕೌದಳ್ಳಿಗೆ ಒಂದು ಕೊಡಪ್ಪ ಎಂದರು. ಕಂಡಕ್ಟರ್ ಇನ್ನೂ ಗೊಣಗುತ್ತಲೇ ಇದ್ದ. ಹಿರಿಯರು ಆ ಕುಡುಕನ ತೋಳು ಹಿಡಿದು ಸೀಟಿಗೆ ಒರಗಿಸಿದರು, ಹೆಗಲ ಟವೆಲಿನಿಂದ ಅವನ ಬಾಯಿ ಒರೆಸಿದರು.

"ಬುಡಪ್ಪ, ಎಂಥವ್ನೇ ಆದ್ರೂ ಮನ ಸೇರ್ಕಳ್ಲಿ" ಎಂದರು.